ಹನ್ನೊಂದನೇ ಗಣಿತ: ಬಿಡಿಸಲಾಗದ ಲೆಕ್ಕ ಹಿಡಿದು ಯಾರ ಹತ್ತಿರ ಹೋಗಬೇಕು?

ಡೊಂಬಿವಲಿಯಿಂದ ಒಬ್ಬ ತಂದೆಯ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಹತ್ತನೇವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಗಣಿತದಲ್ಲಿ 91 ಬಂದಿತ್ತು. ಈಗ ಹನ್ನೊಂದನೇ ಸೈನ್ಸ್, ಎಲ್ಲ ಇಂಗ್ಲಿಷಿನಲ್ಲಿ. ಕಾಲೇಜಿನ ಲೆಕ್ಕ ಹೇಗೋ ಮಾಡುತ್ತಾಳೆ. ಇಂಜಿನಿಯರಿಂಗ್ ಪ್ರವೇಶದ ಜೆಇಇ ಪುಸ್ತಕ ತೆರೆದರೆ ಮಾತ್ರ ರಾತ್ರಿ ಹನ್ನೊಂದಾದರೂ ಒಂದು ಲೆಕ್ಕ ಮುಗಿಯುವುದಿಲ್ಲ, ಕಣ್ಣಲ್ಲಿ ನೀರು. ಕ್ಲಾಸಿಗೆ ಹಾಕಿದ್ದೇವೆ. ಅಲ್ಲಿ 80 ಮಕ್ಕಳು, ಎದ್ದು ನಿಂತು ಡೌಟ್ ಕೇಳಲು ಅವಳಿಗೆ ಹೆದರಿಕೆ. ನಾನು ಹೋಟೆಲಿನಲ್ಲಿ ಗಲ್ಲೆಯ ಮೇಲೆ ಕೂರುವವನು, ನನಗೆ ಈ ಲೆಕ್ಕ ಗೊತ್ತಿಲ್ಲ. ಎಲ್ಲಿ ಸಹಾಯ ಸಿಗುತ್ತದೆ? ನಿಮ್ಮ ಅನುಭವ ಹೇಳಿ.

ಚೆಂಬೂರಿನಿಂದ ಒಬ್ಬರು:

ಅಣ್ಣಾ, ನಿಮ್ಮ ಮಗಳ ಜಾಗದಲ್ಲಿ ನಾನೂ ಇದ್ದೆ. ನಾನೂ ಕನ್ನಡ ಮಾಧ್ಯಮದವಳೇ. ಹನ್ನೊಂದನೇ ಮೊದಲ ಎರಡು ತಿಂಗಳು ನನಗೆ ಗಣಿತ ಬರುವುದಿಲ್ಲ ಅಂತಲೇ ಅಂದುಕೊಂಡಿದ್ದೆ. ಆಮೇಲೆ ತಿಳಿಯಿತು, ಬಾರದೆ ಇದ್ದದ್ದು ಶಬ್ದ. ಸಮಾಂತರ ಶ್ರೇಢಿ ನನಗೆ ಚೆನ್ನಾಗಿ ಗೊತ್ತಿತ್ತು. 'ಅರಿಥ್ಮೆಟಿಕ್ ಪ್ರೋಗ್ರೆಶನ್' ಅಂದರೆ ಅದೇ ಅಂತ ಗೊತ್ತಿರಲಿಲ್ಲ. ಬಹುಪದೋಕ್ತಿ ಗೊತ್ತು, 'ಪಾಲಿನಾಮಿಯಲ್' ಕೇಳಿದರೆ ಎದೆ ಧಸಕ್ಕೆನ್ನುತ್ತಿತ್ತು.

ಒಂದು ಸುಲಭದ ಕೆಲಸ ಮಾಡಿ. ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿಯ ಹತ್ತನೇ ಗಣಿತ ಪುಸ್ತಕ ಕನ್ನಡದಲ್ಲೂ ಇದೆ, ಇಂಗ್ಲಿಷಿನಲ್ಲೂ ಇದೆ. ಎರಡರ ಪಿಡಿಎಫ್ ಕೂಡ ಪುಕ್ಕಟೆ ಸಿಗುತ್ತದೆ. ಪಾಠವೂ ಅದೇ, ಲೆಕ್ಕವೂ ಅದೇ. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದರೆ ಹದಿನೈದು ದಿನದಲ್ಲಿ ಶಬ್ದಗಳ ಹೆದರಿಕೆ ಹೋಗುತ್ತದೆ. ನಾನು ಒಂದು ಉದ್ದ ನೋಟ್‌ಬುಕ್ಕಿನಲ್ಲಿ ಎಡಕ್ಕೆ ಕನ್ನಡ, ಬಲಕ್ಕೆ ಇಂಗ್ಲಿಷ್ ಬರೆದುಕೊಂಡಿದ್ದೆ. 'ಅಟ್ ಲೀಸ್ಟ್', 'ಅಟ್ ಮೋಸ್ಟ್', 'ಇಫ್ ಆಂಡ್ ಓನ್ಲಿ ಇಫ್' ಇಂಥ ಸಣ್ಣ ಮಾತುಗಳನ್ನೂ ಬರೆಯಲು ಹೇಳಿ. ಸಂಭವನೀಯತೆಯ ಲೆಕ್ಕ ಜಾಸ್ತಿ ತಪ್ಪುವುದು ಇಲ್ಲೇ. 'ಕನಿಷ್ಠ ಒಂದು' ಅಂದರೆ ಒಂದೇ ಅಂತ ಓದಿಬಿಡುತ್ತೇವೆ, ಒಂದಕ್ಕಿಂತ ಹೆಚ್ಚೂ ಆಗಬಹುದು ಅನ್ನುವುದು ಮರೆತು ಹೋಗುತ್ತದೆ.

ಮುಲುಂಡಿನಿಂದ, ಜೂನಿಯರ್ ಕಾಲೇಜಿನಲ್ಲಿ ಗಣಿತ ಕಲಿಸುವವರು:

ಮೊದಲು ಒಂದು ಮಾತು ಕೇಳುತ್ತೇನೆ. ಮಗಳು ಯಾವ ಪರೀಕ್ಷೆಗೆ ಓದುತ್ತಿದ್ದಾಳೆ? ಎಂಎಚ್‌ಟಿ ಸಿಇಟಿಯಲ್ಲಿ, ಅಂದರೆ ಮಹಾರಾಷ್ಟ್ರದ ಇಂಜಿನಿಯರಿಂಗ್ ಪ್ರವೇಶ ಪರೀಕ್ಷೆಯಲ್ಲಿ, ಗಣಿತಕ್ಕೆ 90 ನಿಮಿಷ, 50 ಪ್ರಶ್ನೆ, ತಪ್ಪಿದರೆ ಅಂಕ ಕಡಿತ ಇಲ್ಲ. ಹನ್ನೊಂದನೇ ಪಾಠದಿಂದ ಸುಮಾರು ಶೇ. 20, ಉಳಿದದ್ದು ಹನ್ನೆರಡನೆಯದು. ಜೆಇಇ ಮೇನ್‌ನಲ್ಲಿ ಗಣಿತದ 25 ಪ್ರಶ್ನೆ, ಸರಿಯಾದರೆ 4, ತಪ್ಪಿದರೆ ಒಂದು ಕಡಿತ. ಬೋರ್ಡ್ ಪರೀಕ್ಷೆಯಲ್ಲಿ ಹಂತ ಹಂತವಾಗಿ ಬರೆಯಬೇಕು. ಮೂರಕ್ಕೂ ಅಭ್ಯಾಸದ ರೀತಿ ಬೇರೆ. ಹನ್ನೊಂದನೇ ತರಗತಿಯ ಜುಲೈಯಲ್ಲೇ ಅತಿ ಕಷ್ಟದ ಪುಸ್ತಕ ಕೈಗೆ ಕೊಟ್ಟರೆ ಯಾರ ಮಗುವಾದರೂ ಅಳುತ್ತದೆ. ಮೊದಲು ಕಾಲೇಜಿನ ಪುಸ್ತಕ, ಆಮೇಲೆ ಎನ್‌ಸಿಇಆರ್‌ಟಿ ಪಠ್ಯಪುಸ್ತಕ ಮತ್ತು ಅದರ ಹೆಚ್ಚಿನ ಲೆಕ್ಕಗಳ ಎಕ್ಸೆಂಪ್ಲರ್ ಪುಸ್ತಕ, ಅದಾದ ಮೇಲೆ ಜೆಇಇ ಪುಸ್ತಕ. ಎನ್‌ಸಿಇಆರ್‌ಟಿಯ ಎರಡೂ ಪುಕ್ಕಟೆ ಡೌನ್‌ಲೋಡ್ ಆಗುತ್ತವೆ.

ಈಗ ಡೌಟ್ ವಿಷಯ. ನನ್ನ ಹತ್ತಿರ ಬರುವ ಮಕ್ಕಳು 'ಸರ್, ಈ ಲೆಕ್ಕ ಬರಲಿಲ್ಲ' ಅನ್ನುತ್ತಾರೆ. ನಾನು ಬಿಡಿಸಿ ತೋರಿಸಿದರೆ ತಲೆಯಾಡಿಸಿ ಹೋಗುತ್ತಾರೆ. ಮರುವಾರ ಅಂಥದ್ದೇ ಲೆಕ್ಕ ಹಿಡಿದು ಮತ್ತೆ ಬರುತ್ತಾರೆ. ಅದಕ್ಕೇ ಈಗ ಮೂರು ಸಾಲು ಬರೆದು ತರಲು ಹೇಳುತ್ತೇನೆ. ಏನು ಕೊಟ್ಟಿದ್ದಾರೆ, ನಾನು ಏನೇನು ಮಾಡಿ ನೋಡಿದೆ, ಎಲ್ಲಿ ನಿಂತೆ. ಬರೆಯುತ್ತಾ ಬರೆಯುತ್ತಾ ಎಷ್ಟೋ ಮಕ್ಕಳಿಗೆ ತಾವಾಗಿಯೇ ದಾರಿ ಕಾಣುತ್ತದೆ. ಕಾಣದಿದ್ದರೆ 'ಉತ್ತರ ಬೇಡ ಸರ್, ಒಂದು ಸುಳಿವು ಕೊಡಿ' ಅಂತ ಕೇಳಬೇಕು.

ಒಂದು ಉದಾಹರಣೆ ಕೊಡುತ್ತೇನೆ. 1×1! + 2×2! + 3×3! ಹೀಗೆ 10×10! ವರೆಗೆ ಕೂಡಿಸಬೇಕು. (ಇಲ್ಲಿ '!' ಅಂದರೆ ಫ್ಯಾಕ್ಟೋರಿಯಲ್, 3! ಅಂದರೆ 1×2×3.) ಕಳೆದ ವರ್ಷ ಒಬ್ಬ ಹುಡುಗ ಸೂತ್ರ ಹುಡುಕಿ ಹುಡುಕಿ ಸುಸ್ತಾಗಿ ಬಂದ. ನಾನು ಹೇಳಿದ್ದು ಇಷ್ಟೇ, 'ಮೊದಲ ಒಂದು, ಎರಡು, ಮೂರು, ನಾಲ್ಕು ಪದ ಕೂಡಿಸಿ ಬರೆ.' ಬರೆದ: 1, 5, 23, 119. ಸ್ವಲ್ಪ ಹೊತ್ತು ನೋಡಿದ. 'ಸರ್, ಇದು 2, 6, 24, 120ಕ್ಕಿಂತ ಒಂದೊಂದು ಕಮ್ಮಿ!' ಅಂದ. ಅಂದರೆ ಉತ್ತರ 11! − 1, ಬಿಡಿಸಿದರೆ 3,99,16,799. ಯಾಕೆ ಹಾಗೆ ಅಂತ ಕೇಳಿದೆ. ಮನೆಗೆ ಹೋಗಿ ಮರುದಿನ ಬಂದ. 3×3! ಅನ್ನುವುದು 4! − 3!, ಪ್ರತಿ ಪದವೂ ಹೀಗೇ ಒಡೆಯುತ್ತದೆ, ಕೂಡಿಸಿದಾಗ ನಡುವಿನದೆಲ್ಲ ಹೊಡೆದು ಹೋಗುತ್ತದೆ ಅಂತ ತಾನೇ ಕಂಡುಹಿಡಿದಿದ್ದ. ಆ ಲೆಕ್ಕವನ್ನು ಅವನು ಇನ್ನು ಮರೆಯುವುದಿಲ್ಲ. ನಾನು ಬೋರ್ಡಿನ ಮೇಲೆ ಎರಡು ನಿಮಿಷದಲ್ಲಿ ಮಾಡಿ ತೋರಿಸಿದ್ದರೆ ಸಂಜೆಗೇ ಮರೆಯುತ್ತಿದ್ದ.

80 ಮಕ್ಕಳ ಮುಂದೆ ಎದ್ದು ಕೇಳುವುದು ಬೇಡ. ಕಾಲೇಜಿನಲ್ಲೇ ಸ್ಟಾಫ್ ರೂಮಿಗೆ ಹೋಗಲಿ. ನೋಟ್‌ಬುಕ್ ಹಿಡಿದು ಬರುವ ಮಗುವನ್ನು ಕಂಡರೆ ನಮಗೆ ಸಂತೋಷವೇ. ನಿಜ ಹೇಳುತ್ತೇನೆ, ಬರುವವರು ತುಂಬಾ ಕಮ್ಮಿ.

ಗೋವಾದ ವಾಸ್ಕೋದಿಂದ ಒಬ್ಬ ತಾಯಿ:

ನಮ್ಮಲ್ಲಿ ಆದದ್ದು ಹೇಳುತ್ತೇನೆ. ಮಗನಿಗೆ ಇಲ್ಲಿ ಹೈಯರ್ ಸೆಕೆಂಡರಿಯಲ್ಲಿದ್ದಾಗ ಒಂದು ದೊಡ್ಡ ಕ್ಲಾಸಿನ ಇಡೀ ಎರಡು ವರ್ಷದ ಫೀಸು ಮೊದಲೇ ಕಟ್ಟಿದೆವು. ಮೂರು ತಿಂಗಳಲ್ಲಿ ಗಣಿತದ ಮೇಷ್ಟ್ರು ಬಿಟ್ಟು ಹೋದರು. ಹಣ ವಾಪಸ್ ಬರಲಿಲ್ಲ. ದಯವಿಟ್ಟು ಕಂತಿನಲ್ಲಿ ಕಟ್ಟಿ. ಸೇರಿಸುವ ಮೊದಲು ಎರಡು ದಿನ ಕೂರಿಸಿ ನೋಡಿ.

ಇನ್ನೊಂದು, ಮೊಬೈಲ್. ಲೆಕ್ಕದ ಫೋಟೋ ತೆಗೆದರೆ ಉತ್ತರ ಬರುತ್ತದಲ್ವಾ, ಮಗ ಅದನ್ನೇ ನೋಡಿ ನೋಡಿ ಬರೆಯುತ್ತಿದ್ದ. ಪುಸ್ತಕ ತುಂಬುತ್ತಿತ್ತು, ಟೆಸ್ಟಿನಲ್ಲಿ ಅಂಕ ಬರುತ್ತಿರಲಿಲ್ಲ. ನನಗೆ ಗಣಿತ ಗೊತ್ತಿಲ್ಲ, ಆದರೂ ಒಂದು ನಿಯಮ ಮಾಡಿದೆ. ಉತ್ತರ ನೋಡಿದ ಲೆಕ್ಕಕ್ಕೆ ಕೆಂಪು ಚುಕ್ಕೆ. ಎರಡು ದಿನ ಬಿಟ್ಟು ಖಾಲಿ ಹಾಳೆಯಲ್ಲಿ ಮತ್ತೆ ಮಾಡಬೇಕು, ಆದರೆ ಮಾತ್ರ ಚುಕ್ಕೆಗೆ ಟಿಕ್. ನಾನು ಪಕ್ಕದಲ್ಲಿ ಕೂತು ತರಕಾರಿ ಹೆಚ್ಚುತ್ತಿದ್ದೆ, ಅಷ್ಟೇ. ಅಪ್ಪ ಅಮ್ಮನಿಗೆ ಲೆಕ್ಕ ಬರದಿದ್ದರೂ ಇಷ್ಟು ಮಾಡಬಹುದು ಅಣ್ಣ.

ಪುಣೆಯ ಕೋಥ್ರೂಡಿನಿಂದ ಒಬ್ಬ ವಿದ್ಯಾರ್ಥಿ:

ಅಂಕಲ್, ಮಗಳಿಗೆ ಗಣಿತ ಇಷ್ಟ ಅಂತಿದ್ದರೆ ಪರೀಕ್ಷೆಯ ಆಚೆಗೂ ಒಂದು ದಾರಿ ಇದೆ. ನಮ್ಮ ಎರಂಡವಣೆಯಲ್ಲಿ ಭಾಸ್ಕರಾಚಾರ್ಯ ಪ್ರತಿಷ್ಠಾನ ಇದೆ. ಗಣಿತಜ್ಞ ಶ್ರೀರಾಮ್ ಅಭ್ಯಂಕರ್ 1976ರಲ್ಲಿ ಕಟ್ಟಿದ್ದು. ಶಾಲೆ ಮಕ್ಕಳಿಗೆ ಒಲಿಂಪಿಯಾಡ್ ಅನ್ನುವ ಗಣಿತ ಸ್ಪರ್ಧೆಗೆ ತರಬೇತಿ ಕೊಡುತ್ತಾರೆ. ನಿಮ್ಮ ಮುಂಬೈಯಲ್ಲೇ ಮಾನಖುರ್ದ್‌ನಲ್ಲಿ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರ ಇದೆ. ದೇಶದ ಒಲಿಂಪಿಯಾಡ್ ಕೆಲಸದ ಮುಖ್ಯ ಜಾಗ ಅದು. ಹಳೆಯ ಪ್ರಶ್ನೆಪತ್ರಿಕೆಗಳು ಅವರ ವೆಬ್‌ಸೈಟಿನಲ್ಲಿ ಸಿಗುತ್ತವೆ.

ಗಣಿತ ಒಲಿಂಪಿಯಾಡಿನ ಮೊದಲ ಸುತ್ತಿನ ಪರೀಕ್ಷೆ ಐಒಕ್ಯೂಎಂ. ಮೂರು ಗಂಟೆ, 30 ಪ್ರಶ್ನೆ. ನನಗೆ ಮುಂದಿನ ಸುತ್ತು ಸಿಗಲಿಲ್ಲ. ಆದರೆ ಒಂದೇ ಲೆಕ್ಕದ ಜೊತೆ ಒಂದು ಗಂಟೆ ಕೂರುವುದು ಅಲ್ಲೇ ಅಭ್ಯಾಸವಾಯಿತು. ಒಂದು ಗಂಟೆ ಕೂತರೂ ಬರದಿದ್ದರೆ ಅದು ನಾಚಿಕೆಯ ವಿಷಯ ಅಲ್ಲ ಅಂತಲೂ ಅಲ್ಲೇ ಗೊತ್ತಾಯಿತು. ಇದನ್ನು ಮಗಳಿಗೆ ಖಂಡಿತ ಹೇಳಿ.

ಜಿಯೋಜೀಬ್ರಾ ಅಂತ ಪುಕ್ಕಟೆ ಆ್ಯಪ್ ಇದೆ, ಗ್ರಾಫ್ ಬಿಡಿಸುತ್ತದೆ. 'ಸೈನ್ ಎಕ್ಸ್ = ಎಕ್ಸ್/10, ಎಷ್ಟು ಉತ್ತರ?' ಅಂತ ಕೇಳುತ್ತಾರಲ್ಲ, ಬೀಜಗಣಿತದಿಂದ ಹೊರಟರೆ ಎಲ್ಲಿಗೂ ತಲುಪುವುದಿಲ್ಲ. ಎರಡೂ ಗೆರೆ ಬಿಡಿಸಿ ಎಲ್ಲೆಲ್ಲಿ ಕೂಡುತ್ತವೆ ಎಣಿಸಿದರೆ ಏಳು. ಮೊದಲು ಕೈಯಲ್ಲಿ ಬಿಡಿಸಲಿ, ಆಮೇಲೆ ಆ್ಯಪಿನಲ್ಲಿ ಸರಿ ನೋಡಲಿ.

ಡೊಂಬಿವಲಿಯ ತಂದೆ, ನಾಲ್ಕು ದಿನದ ನಂತರ:

ಎಲ್ಲರಿಗೂ ತುಂಬಾ ಧನ್ಯವಾದ. ಎರಡೂ ಹತ್ತನೇ ಪುಸ್ತಕ ಡೌನ್‌ಲೋಡ್ ಮಾಡಿ ಕೊಟ್ಟೆ. ಜೆಇಇ ಪುಸ್ತಕ ಸದ್ಯಕ್ಕೆ ಕಪಾಟಿನಲ್ಲಿಟ್ಟಿದ್ದೇವೆ. ಸರ್ ಹೇಳಿದ ಹಾಗೆ ಮೂರು ಸಾಲು ಬರೆದುಕೊಂಡು ನಿನ್ನೆ ಸ್ಟಾಫ್ ರೂಮಿಗೆ ಹೋಗಿದ್ದಳು. ಮೇಡಂ ಕೂರಿಸಿಕೊಂಡು ಹತ್ತು ನಿಮಿಷ ಮಾತಾಡಿದರಂತೆ. ಉತ್ತರ ಹೇಳಲಿಲ್ಲವಂತೆ. ಈಗ ರಾತ್ರಿ ಹತ್ತೂವರೆ, ಅದೇ ಲೆಕ್ಕ ಹಿಡಿದು ಕೂತಿದ್ದಾಳೆ. ಅಳುತ್ತಿಲ್ಲ.

ಮುಲುಂಡಿನ ಸರ್, ಆ ಫ್ಯಾಕ್ಟೋರಿಯಲ್ ಲೆಕ್ಕದ ಹಾಗೆ ಇನ್ನೂ ನಾಲ್ಕಾರು ಇದ್ದರೆ ಬರೆಯುತ್ತೀರಾ? ಉತ್ತರ ಬೇಡ ಅಂತ ಹೇಳು ಅಂದಿದ್ದಾಳೆ.