ಎಳೆಯ ಕುದುರೆಗೆ ಮೊದಲ ಕಡಿವಾಣ: ನಿಮ್ಮ ಅನುಭವ ಹೇಳಿ

ಪ್ರಶ್ನೆ: ನನ್ನ ಬಳಿ ಮೂರೂವರೆ ವರ್ಷದ ಮಾರ್ವಾಡಿ ತಳಿಯ ಹೆಣ್ಣು ಕುದುರೆ ಇದೆ. ಜೀನು ಹಾಕಿದರೆ ಸುಮ್ಮನೆ ನಿಲ್ಲುತ್ತಾಳೆ, ಕಡಿವಾಣ ಕಂಡರೆ ಮಾತ್ರ ತಲೆ ಎತ್ತಿಬಿಡುತ್ತಾಳೆ. ಹೇಗೋ ಹಾಕಿದ ಮೇಲೂ ನಾಲಿಗೆಯನ್ನು ಅದರ ಮೇಲೆ ಹೊರಳಿಸಿ ಒದ್ದಾಡುತ್ತಾಳೆ. ಈಗಿರುವುದು ನಡುವೆ ಒಂದೇ ಕೀಲಿರುವ ಸ್ನಾಫಲ್ ಎಂಬ ಸಾದಾ ಕಡಿವಾಣ. ಬಾಯಿಗೆ ಮೃದುವಾದದ್ದು ಯಾವುದು? ರಬ್ಬರಿನದು ತರಲೇ?

ಪಶುವೈದ್ಯೆಯೊಬ್ಬರ ಉತ್ತರ: ಅಂಗಡಿಗೆ ಹೋಗುವ ಮೊದಲು ಅವಳ ಬಾಯಿ ತೋರಿಸಿ. ಮೂರೂವರೆ ಎಂದರೆ ಹಲ್ಲು ಬೀಳುವ ವಯಸ್ಸು. ಎರಡೂವರೆ, ಮೂರೂವರೆ, ನಾಲ್ಕೂವರೆ ವರ್ಷಕ್ಕೆ ಬಾಚಿಹಲ್ಲುಗಳು ಜೋಡಿಜೋಡಿಯಾಗಿ ಬದಲಾಗುತ್ತವೆ. ಹೆಚ್ಚು ಕಡಿಮೆ ಅದೇ ಕಾಲದಲ್ಲಿ ದವಡೆಯ ಹಾಲುಹಲ್ಲುಗಳೂ ಕಳಚುತ್ತವೆ, ಒಸಡು ನೋಯುತ್ತಿರುತ್ತದೆ. ಇದರ ಜೊತೆಗೆ ಕೆಲವು ಕುದುರೆಗಳಿಗೆ ಮೇಲ್ದವಡೆಯ ಸಾಲಿನ ಮುಂದೆ ಪುಟ್ಟದೊಂದು ಹಲ್ಲು ಇರುತ್ತದೆ, ವುಲ್ಫ್ ಟೂತ್ ಎನ್ನುತ್ತೇವೆ. ಒಸಡಿನೊಳಗೇ ಅಡಗಿದ್ದರೆ ಕಣ್ಣಿಗೆ ಕಾಣದು, ಬೆರಳಾಡಿಸಿದರೆ ಸಿಗುತ್ತದೆ. ಕಡಿವಾಣದ ಒತ್ತಡ ಬೀಳುವುದು ಸರಿಯಾಗಿ ಅದರ ಹತ್ತಿರವೇ. ಹಟಮಾರಿ ಎಂದು ನನ್ನ ಬಳಿಗೆ ತಂದಿದ್ದ ಒಂದು ಗಂಡು ಕುದುರೆಗೆ ಮಾಲೀಕರು ನಾಲ್ಕು ಬಗೆಯ ಕಡಿವಾಣ ಹಾಕಿ ನೋಡಿದ್ದರು. ಆ ಹಲ್ಲು ತೆಗೆದು ಗಾಯ ಮಾಗಿದ ಮೇಲೆ ಮೊದಲನೆಯದನ್ನೇ ಅದು ತಾನಾಗಿ ಬಾಯಿಗೆ ತೆಗೆದುಕೊಂಡಿತು. ಅಲ್ಲಿಯವರೆಗೆ ಬೈಸಿಕೊಂಡದ್ದು, ಏಟು ತಿಂದದ್ದು ಪಾಪ ಆ ಪ್ರಾಣಿ.

ಸವಾರಿ ಕಲಿಸುವವರೊಬ್ಬರ ಉತ್ತರ: ಡಾಕ್ಟರ್ ಹೇಳಿದ್ದು ಮೊದಲು ಆಗಲಿ, ಮೇಡಂ. ಕಡಿವಾಣದ ಬಗ್ಗೆ ನನ್ನ ಅನುಭವ ಹೇಳುತ್ತೇನೆ. ದಪ್ಪವಾದಷ್ಟೂ ಮೃದು ಎಂದು ನಾನೂ ಬಹಳ ಕಾಲ ನಂಬಿದ್ದೆ. ತೆಳುವಾದದ್ದು ಒಂದೇ ಗೆರೆಯಲ್ಲಿ ಒತ್ತುತ್ತದೆ ಎನ್ನುವುದು ನಿಜ. ಆದರೆ ಮಾರ್ವಾಡಿಯಂಥ ಕಿರಿದಾದ ಮೂತಿಯೊಳಗೆ ನಾಲಿಗೆಗೇ ಜಾಗ ಸಾಲದು. ನಾನು 20 ಮಿಲಿಮೀಟರಿನದು ಹಾಕಿದ್ದೆ, ಪಾಪದ ಕುದುರೆಗೆ ಬಾಯಿ ಮುಚ್ಚಲೂ ಆಗಲಿಲ್ಲ. 14ಕ್ಕೆ ಇಳಿಸಿದ ದಿನವೇ ಕತ್ತು ಸಡಿಲ ಬಿಟ್ಟಿತು. ಸವಾರನ ಸನ್ನೆಗೆ ತಕ್ಕಂತೆ ಕುದುರೆ ಹೆಜ್ಜೆ ಹಾಕುವ ಡ್ರೆಸಾಜ್‌ನ ಅಂತರರಾಷ್ಟ್ರೀಯ ಸ್ಪರ್ಧೆಗಳ ನಿಯಮದಲ್ಲಿ ಕುದುರೆಯ ಸ್ನಾಫಲ್‌ಗೆ ಇರುವ ಕನಿಷ್ಠ ದಪ್ಪವೂ 14 ಮಿಲಿಮೀಟರ್.

ನಿಮ್ಮ ಒಂದು ಕೀಲಿನದು ಎರಡೂ ಲಗಾಮು ಎಳೆದಾಗ ಅಡಕತ್ತರಿಯಂತೆ ಮಡಚಿ ನಾಲಿಗೆಯನ್ನು ಇರುಕುತ್ತದೆ. ಎರಡು ಕೀಲಿದ್ದು ನಡುವೆ ದುಂಡನೆಯ ಪುಟ್ಟ ತುಂಡು ಇರುವುದನ್ನು ನೋಡಿ. ಬದಿಯಲ್ಲಿ ಎಗ್‌ಬಟ್, ಅಂದರೆ ಕಡಿವಾಣದ ತುದಿಗೆ ಜಾರದಂತೆ ಕೂಡಿಸಿದ ಬಳೆ ಇರಲಿ: ಅದು ಸುತ್ತುವುದಿಲ್ಲ, ತುಟಿಯ ಮೂಲೆ ಸಿಕ್ಕಿಕೊಳ್ಳುವುದಿಲ್ಲ. ಕೊಳ್ಳುವಾಗ ಎಚ್ಚರ, ಡಾಕ್ಟರ್ ಬ್ರಿಸ್ಟಲ್ ಎಂಬ ಹೆಸರಿನ ಕಡಿವಾಣವೂ ನೋಡಲು ಹೀಗೇ ಇರುತ್ತದೆ. ಅದರ ನಡುವಿನ ಚಪ್ಪಟೆ ತಗಡು ಓರೆಯಾಗಿ ಕೂತು ಅಂಚಿನಿಂದ ನಾಲಿಗೆಯನ್ನು ಒತ್ತುತ್ತದೆ. ರಬ್ಬರ್ ನನಗೆ ಹಿಡಿಸಲಿಲ್ಲ. ಬಾಯಿ ಒಣಗಿದ್ದರೆ ಚರ್ಮಕ್ಕೆ ಅಂಟಿ ಉಜ್ಜುತ್ತದೆ, ಎಳೆಯ ಕುದುರೆ ಅದನ್ನು ಕಡಿದೂ ಹಾಕುತ್ತದೆ.

ಅಳತೆಗೆ ಒಂದು ದಾರವನ್ನು ತುಟಿಯ ಮೂಲೆಯಿಂದ ಮೂಲೆಗೆ ಬಾಯೊಳಗೆ ಹಾಯಿಸಿ ಗುರುತು ಮಾಡಿಕೊಳ್ಳಿ. ಎರಡೂ ಕಡೆ ಅರ್ಧ ಸೆಂಟಿಮೀಟರ್ ಹೊರಗಿದ್ದರೆ ಸಾಕು. ಅಗಲ ಹೆಚ್ಚಾದರೆ ಕಡಿವಾಣ ಅತ್ತಿತ್ತ ಜಾರುತ್ತದೆ, ಕೀಲು ನಡುವಿನಲ್ಲಿ ನಿಲ್ಲುವುದಿಲ್ಲ.

ಮೈಸೂರಿನ ಹಿರಿಯರೊಬ್ಬರ ಉತ್ತರ: ನಮ್ಮ ತಂದೆ ಟಾಂಗಾ ಹೊಡೆಯುತ್ತಿದ್ದರು, ತಾಯಿ. ಆಗ ಒಳಬದಿಯಲ್ಲಿ ಮುಳ್ಳಿರುವ ಕಡಿವಾಣ ಹಾಕುವವರಿದ್ದರು. ರಕ್ತ ಬೆರೆತ ನೊರೆಯನ್ನು ನಾನು ಕಣ್ಣಾರೆ ಕಂಡಿದ್ದೇನೆ, ಇಂದಿಗೂ ಮರೆತಿಲ್ಲ. 1965ರ ಕೇಂದ್ರದ ನಿಯಮದಲ್ಲೇ ಅದಕ್ಕೆ ನಿಷೇಧವಿದೆ, ಸವಾರಿಗೂ ಅನ್ವಯಿಸುತ್ತದೆ. ಕುದುರೆ ಬಗ್ಗುತ್ತಿಲ್ಲ, ಮುಳ್ಳಿನದು ಹಾಕಿ ಎಂದು ಯಾರಾದರೂ ಹೇಳಿದರೆ ಅವರನ್ನು ಲಾಯದೊಳಗೆ ಬಿಡಬೇಡಿ.

ತಂದೆಯವರದು ಒಂದು ಪದ್ಧತಿ ಇತ್ತು. ಚಳಿಗಾಲದ ಬೆಳಗ್ಗೆ ಕಬ್ಬಿಣವನ್ನು ಎರಡೂ ಅಂಗೈಯಲ್ಲಿ ಹಿಡಿದು ಬಿಸಿ ಮಾಡಿ, ಚೂರು ಬೆಲ್ಲ ಸವರಿ, ಅಂಗೈ ಮೇಲೆ ಒಡ್ಡುತ್ತಿದ್ದರು. ತುರುಕುತ್ತಿರಲಿಲ್ಲ, ಕುದುರೆಯೇ ನೆಕ್ಕಿ ಬಾಯಿ ತೆರೆಯಲಿ ಎಂದು ಕಾಯುತ್ತಿದ್ದರು. ಮೊದಲ ವಾರವಿಡೀ ಅದಕ್ಕೆ ಲಗಾಮು ಕಟ್ಟುತ್ತಲೇ ಇರಲಿಲ್ಲ. ಕಡಿವಾಣ ಸುಮ್ಮನೆ ಬಾಯಲ್ಲಿರುತ್ತಿತ್ತು, ನಡೆಸುವುದೆಲ್ಲ ಮೂಗುಪಟ್ಟಿಯ ಹಗ್ಗದಿಂದ, ದಿನಕ್ಕೆ ಹತ್ತು ನಿಮಿಷ. ನೀವೂ ಹಾಗೆ ಮಾಡಿ ನೋಡಿ. ಹಲ್ಲಿನ ವಿಷಯ ಡಾಕ್ಟರ್ ಏನೆಂದರು ಎಂದು ತಿಳಿಸಿ.