ಜಪಾನಿನಲ್ಲಿ ಅರ್ಧ ನೋಡಿ ಬಂದ 'ರಾನ್‌ಮಾನ್' ಧಾರಾವಾಹಿಯನ್ನು ಊರಿನಿಂದ ಮುಂದುವರಿಸುವುದು ಹೇಗೆ?

ಪ್ರಶ್ನೆ: ಹಸಿರುಗೆರೆ (ತೀರ್ಥಹಳ್ಳಿ)

ಎಲ್ಲರಿಗೂ ನಮಸ್ಕಾರ. ನಾನು ಪದವಿಪೂರ್ವ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತಳಾದವಳು. 2023ರಲ್ಲಿ ಒಸಾಕಾದಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಅಲ್ಲಿಯ ಮಳೆಗಾಲವನ್ನು ಕಳೆದು ಜುಲೈ ಮುಗಿಯುವ ಹೊತ್ತಿಗೆ ಊರಿಗೆ ಮರಳಿದೆ. ಅಲ್ಲಿದ್ದಾಗ ಬೆಳಿಗ್ಗೆ ಎಂಟು ಗಂಟೆಗೆ ಎನ್‌ಎಚ್‌ಕೆ ವಾಹಿನಿಯಲ್ಲಿ ಬರುತ್ತಿದ್ದ 'ರಾನ್‌ಮಾನ್' ಎಂಬ ಹದಿನೈದು ನಿಮಿಷದ ಧಾರಾವಾಹಿ ಮೊದಲು ತಿಂಡಿಯ ಹೊತ್ತಿನಲ್ಲಿ ಸುಮ್ಮನೆ ಕಣ್ಣಿಗೆ ಬೀಳುತ್ತಿತ್ತು. ಕ್ರಮೇಣ ಸ್ನಾನ, ಪೂಜೆಗಳನ್ನೆಲ್ಲ ಮುಂಚಿತವಾಗಿ ಮುಗಿಸಿ ಅದಕ್ಕಾಗಿಯೇ ಕಾದು ಕುಳಿತುಕೊಳ್ಳುವಷ್ಟು ಅದು ನನ್ನನ್ನು ಹಿಡಿದುಕೊಂಡಿತು. ಮಗಳು ಪಕ್ಕದಲ್ಲಿ ಕುಳಿತು ಮಾತುಗಳ ಸಾರಾಂಶವನ್ನು ಹೇಳುತ್ತಿದ್ದಳು.

ನೋಡದವರಿಗಾಗಿ ಎರಡು ಮಾತು. ಕಥಾನಾಯಕ ಮಾನ್‌ತಾರೋ ಸಾಕೆ ಎಂಬ ಅಕ್ಕಿಯ ಮದ್ಯವನ್ನು ತಯಾರಿಸುವ ಸಿರಿವಂತ ಮನೆತನದ ಹುಡುಗ. ಶಾಲೆಯನ್ನು ಅರ್ಧಕ್ಕೆ ಬಿಟ್ಟು, ಗಿಡಗಳ ಹಿಂದೆ ಬಿದ್ದು, ಯಾವ ಪದವಿಯೂ ಇಲ್ಲದೆ ಟೋಕಿಯೊ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ವಿಭಾಗದ ಬಾಗಿಲು ತಟ್ಟುತ್ತಾನೆ. ಮಾಕಿನೋ ತೊಮಿತಾರೋ ಎಂಬ ನಿಜವಾದ ಸಸ್ಯವಿಜ್ಞಾನಿಯ ಬದುಕನ್ನು ಆಧರಿಸಿದ ಕಥೆಯಿದು.

ನನ್ನನ್ನು ಸೆಳೆದದ್ದು ಮುಖ್ಯವಾಗಿ ಅದರಲ್ಲಿ ಗಿಡಗಳಿಗೆ ಕೊಟ್ಟಿರುವ ಮರ್ಯಾದೆ. ಗಿಡವನ್ನು ಬೇರುಸಹಿತ ತೆಗೆದು, ಮಣ್ಣು ಕೊಡವಿ, ಕಾಗದದ ಮೇಲೆ ಹರಡಿ ಒತ್ತಿಡುವ ಕೆಲಸವನ್ನು ಅವಸರವಿಲ್ಲದೆ ತೋರಿಸುತ್ತಾರೆ. ಒಂದು ಎಲೆಯನ್ನಾದರೂ ಮಗುಚಿ ಇಡಿ, ಬೆನ್ನಿನ ನರಗಳು ಕಾಣಬೇಕು ಎಂದು ವರ್ಷಗಟ್ಟಲೆ ಮಕ್ಕಳಿಗೆ ಹೇಳಿದವಳಿಗೆ ಅಂತಹ ದೃಶ್ಯವನ್ನು ಟಿವಿಯಲ್ಲಿ ನೋಡುವ ಭಾಗ್ಯ ಅದುವರೆಗೆ ಬಂದಿರಲಿಲ್ಲ. ನಾನು ಹೊರಡುವ ವಾರದಲ್ಲಿ ಮುಜಿನಾಮೊ ಎಂಬ ನೀರಿನ ಕೀಟಾಹಾರಿ ಸಸ್ಯದ ಪ್ರಸಂಗ ನಡೆಯುತ್ತಿತ್ತು. ಅದು ಆಲ್ಡ್ರೊವ್ಯಾಂಡ, ನಮ್ಮ ಡ್ರಾಸಿರದ ಕುಟುಂಬಕ್ಕೇ ಸೇರಿದ್ದು. ಮಳೆ ಹಿಂದೆ ಸರಿಯುವ ಹೊತ್ತಿಗೆ ಜಂಬಿಟ್ಟಿಗೆ ನೆಲದ ತೇವದಲ್ಲಿ, ಎಲೆಯ ಕೆಂಪು ಕೂದಲುಗಳ ತುದಿಯಲ್ಲಿ ಅಂಟಿನ ಹನಿಗಳನ್ನು ಹೊತ್ತು ನೆಲಕ್ಕೆ ಒತ್ತಿಕೊಂಡಿರುವ ಡ್ರಾಸಿರವನ್ನು ಮಂಡಿಯೂರಿ ನೋಡಿದವರಿಗೆ ಆ ಪ್ರಸಂಗ ಎಷ್ಟು ಹತ್ತಿರದ್ದೆಂದು ನಾನು ಹೇಳಬೇಕಾಗಿಲ್ಲ. ಆ ಸಸ್ಯದ ಕುರಿತ ಪ್ರಬಂಧದಿಂದಲೇ ಪ್ರೊಫೆಸರ್ ತಾನಾಬೆ ಕೆರಳಿ ಮಾನ್‌ತಾರೋನನ್ನು ವಿಭಾಗದಿಂದ ಹೊರಗೆ ಹಾಕುತ್ತಾರೆ. ಅಷ್ಟರಲ್ಲಿ ನನ್ನ ವಿಮಾನದ ದಿನ ಬಂತು.

ಈಗ ನನಗೆ ತಿಳಿಯಬೇಕಾದದ್ದು ಇಷ್ಟು. ಇದನ್ನು ಭಾರತದಿಂದ ಕ್ರಮವಾಗಿ ನೋಡುವ ದಾರಿ ಇದೆಯೇ? ಮಗಳು ಪಕ್ಕದಲ್ಲಿಲ್ಲದೆ, ಭಾಷೆ ಬಾರದೆ ನೋಡುವುದರಲ್ಲಿ ಅರ್ಥವಿದೆಯೇ? ಮತ್ತು ಇದರಲ್ಲಿ ಇತಿಹಾಸವೆಷ್ಟು, ಕಟ್ಟಿದ ಕಥೆಯೆಷ್ಟು? ಕಥೆಯ ಕೊನೆಯನ್ನು ಮಾತ್ರ ದಯವಿಟ್ಟು ಯಾರೂ ಬರೆಯಬೇಡಿ.

ಉತ್ತರ: ಶರಾವತಿ ದಂಡೆ (ಸಾಗರ)

ಮೇಡಂ, ನಮಸ್ಕಾರ. ನಾನು ಉದ್ಯೋಗದ ಸಲುವಾಗಿ ನಗೋಯಾದಲ್ಲಿ ಇದ್ದವನು, ಈಗ ಸಾಗರದಲ್ಲಿದ್ದೇನೆ. ತಾವು ನೋಡಿದ್ದು 'ಅಸಾದೋರಾ' ಎಂದು ಕರೆಯುವ ಬೆಳಗಿನ ಧಾರಾವಾಹಿಗಳ ಸಾಲಿಗೆ ಸೇರಿದ್ದು. 1961ರಲ್ಲಿ ಎನ್‌ಎಚ್‌ಕೆ ಆರಂಭಿಸಿದ ಈ ಪದ್ಧತಿ ಇಂದಿಗೂ ನಡೆದುಕೊಂಡು ಬಂದಿದೆ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಒಂದು ಕಥೆ, ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಇನ್ನೊಂದು. ಮೊದಲನೆಯದನ್ನು ಸಾಮಾನ್ಯವಾಗಿ ಟೋಕಿಯೊ ಕೇಂದ್ರವೂ ಎರಡನೆಯದನ್ನು ಒಸಾಕಾ ಕೇಂದ್ರವೂ ತಯಾರಿಸುತ್ತವೆ. ಎನ್‌ಎಚ್‌ಕೆ ನಡೆಯುವುದು ವೀಕ್ಷಕರು ಕಟ್ಟುವ ಶುಲ್ಕದಿಂದ, ಜಾಹೀರಾತುಗಳಿಲ್ಲ. ಆದ್ದರಿಂದ ಹದಿನೈದು ನಿಮಿಷವೆಂದರೆ ಪೂರ್ತಿ ಹದಿನೈದು ನಿಮಿಷವೂ ಕಥೆಯೇ. 'ರಾನ್‌ಮಾನ್' 2023ರ ಏಪ್ರಿಲ್ 3ಕ್ಕೆ ಆರಂಭವಾಗಿ ಸೆಪ್ಟೆಂಬರ್ 29ಕ್ಕೆ ಮುಗಿಯಿತು, ಒಟ್ಟು 130 ಕಂತುಗಳು. ಹಾಗಾದರೆ ತಾವು ನೋಡಬೇಕಾದದ್ದು ಕೊನೆಯ ಮೂರನೆಯ ಒಂದು ಭಾಗ ಮತ್ತು ಹೋಗುವುದಕ್ಕೆ ಮುಂಚೆ ಪ್ರಸಾರವಾದ ಬಾಲ್ಯದ ಭಾಗ. ಬಾಲ್ಯದ ಭಾಗವನ್ನು ಬಿಡಬೇಡಿ.

ಈ ಕಟ್ಟುನಿಟ್ಟಾದ ಅವಧಿಯೇ ಅಸಾದೋರಾದ ಶಕ್ತಿ ಎಂದು ನನಗೆ ಅನ್ನಿಸುತ್ತದೆ. ನಮ್ಮಲ್ಲಿ ಜನ ಮೆಚ್ಚಿದ ಧಾರಾವಾಹಿ ವರ್ಷಾನುಗಟ್ಟಲೆ ಬೆಳೆಯುತ್ತ ಹೋಗಿ, ಮೊದಲು ಹೇಳಲು ಹೊರಟ ಕಥೆ ಯಾವುದೆಂಬುದೇ ಮರೆತುಹೋಗುತ್ತದೆ. ಅಲ್ಲಿ ಬರೆಯುವವರಿಗೆ ಮೊದಲ ದಿನವೇ ಕೊನೆಯ ದಿನ ಗೊತ್ತಿರುತ್ತದೆ. ಇನ್ನೊಂದು ವಿಷಯವನ್ನು ತಾವು ಗಮನಿಸಿರಬಹುದು: ನಿರೂಪಣೆಯ ಧ್ವನಿ ಮತ್ತೆ ಮತ್ತೆ ಬಂದು ಆದದ್ದನ್ನು ಹೇಳುತ್ತದೆ. ಬೆಳಗಿನ ಹೊತ್ತು ಅಡುಗೆಮನೆಯಲ್ಲಿ ಕೆಲಸ ಮಾಡುತ್ತಲೇ ಕಿವಿಯಿಂದ ಕಥೆಯನ್ನು ಅನುಸರಿಸುವವರಿಗಾಗಿ ಬಂದ ಪದ್ಧತಿಯದು. ಇದೇ ಸಾಲಿನ 'ಓಷಿನ್' 1983–84ರಲ್ಲಿ 297 ಕಂತುಗಳಲ್ಲಿ ಒಂದು ವರ್ಷ ನಡೆಯಿತು, ಸರಾಸರಿ ಶೇ. 52.6 ವೀಕ್ಷಣೆ ಪಡೆಯಿತು, ಅನಂತರ ಇರಾನ್, ಥಾಯ್ಲೆಂಡ್, ಚೀನಾ ಮೊದಲಾದ ಅನೇಕ ದೇಶಗಳ ಮನೆಮನೆಗೂ ಹೋಯಿತು. ಪರದೇಶದ ಧಾರಾವಾಹಿಗೆ ಮನಸೋತವರಲ್ಲಿ ತಾವು ಒಂಟಿಯಲ್ಲ.

ನೋಡುವ ದಾರಿಯ ಬಗ್ಗೆ ನೇರವಾಗಿ ಹೇಳುವುದಾದರೆ, ಸುಲಭದ ದಾರಿ ಇಲ್ಲ. ಎನ್‌ಎಚ್‌ಕೆಯ ಇಂಟರ್‌ನೆಟ್ ಸೇವೆಗಳಲ್ಲಿ ಈ ಧಾರಾವಾಹಿಗಳು ಸಿಗುವುದು ಜಪಾನಿನ ಒಳಗಿನವರಿಗೆ ಮಾತ್ರ. ನಮಗೆ ಉಚಿತವಾಗಿ ಸಿಗುವ ಎನ್‌ಎಚ್‌ಕೆ ವರ್ಲ್ಡ್ ಬೇರೆಯೇ ವಾಹಿನಿ. ಉಳಿಯುವುದು ಡಿವಿಡಿ ಮತ್ತು ಬ್ಲೂ-ರೇ. ಪೂರ್ತಿ ಧಾರಾವಾಹಿ ಮೂರು ಪೆಟ್ಟಿಗೆಗಳಲ್ಲಿ ಬಂದಿದೆ, ಮಗಳು ಕೊಂಡು ಕಳುಹಿಸಬಹುದು. ಆದರೆ ಒಂದು ಎಚ್ಚರಿಕೆ: ಡಿವಿಡಿಯ ವಲಯಸಂಖ್ಯೆ ಜಪಾನಿಗೆ 2, ಭಾರತಕ್ಕೆ 5. ಬ್ಲೂ-ರೇಯಲ್ಲಿ ಜಪಾನ್ ಎ ವಲಯ, ನಾವು ಸಿ ವಲಯ. ಇಲ್ಲಿಯ ಸಾಮಾನ್ಯ ಪ್ಲೇಯರಿನಲ್ಲಿ ಆ ತಟ್ಟೆ ಓಡದೆ ಇರುವ ಸಾಧ್ಯತೆಯೇ ಹೆಚ್ಚು. ಎಲ್ಲ ವಲಯದ ತಟ್ಟೆಗಳನ್ನೂ ಓದುವ ಪ್ಲೇಯರ್ ಇದೆಯೇ ಎಂದು ಖಚಿತಪಡಿಸಿಕೊಂಡ ಮೇಲೆಯೇ ಹಣ ಹಾಕಿ. ಇಂಗ್ಲಿಷ್ ಸಬ್‌ಟೈಟಲ್ ಅನ್ನು ನಿರೀಕ್ಷಿಸಬೇಡಿ. ಪೆಟ್ಟಿಗೆ ಕೊಳ್ಳುವ ಮೊದಲು, ಪ್ರತಿ ಅಸಾದೋರಾಕ್ಕೂ ಎನ್‌ಎಚ್‌ಕೆ ಬಳಗವೇ ಹೊರತರುವ ಮಾರ್ಗದರ್ಶಿ ಪುಸ್ತಕಗಳನ್ನು ತರಿಸಿಕೊಳ್ಳಿ. ಕಥಾಸಾರ, ಪಾತ್ರಗಳ ಸಂಬಂಧದ ನಕ್ಷೆ, ಚಿತ್ರಗಳು ಎಲ್ಲವೂ ಅದರಲ್ಲಿರುತ್ತವೆ. ಮೊಬೈಲಿನ ಅನುವಾದದ ಆ್ಯಪ್ ಹಿಡಿದು ಓದಿದರೂ ಒಂದೊಂದು ವಾರದ ಸಾರಾಂಶ ಚೆನ್ನಾಗಿಯೇ ತಿಳಿಯುತ್ತದೆ.

ಉತ್ತರ: ಕಾನಂಚು (ಹೊಸನಗರ)

ಮೇಡಂ, ಧಾರಾವಾಹಿಯನ್ನು ತುಂಬ ಇಷ್ಟಪಟ್ಟವನಾಗಿಯೂ ಅದರ ಮೇಲೆ ಒಂದು ಆಕ್ಷೇಪ ಇರುವವನಾಗಿಯೂ ತಮ್ಮ ಮೂರನೆಯ ಪ್ರಶ್ನೆಗೆ ಉತ್ತರಿಸುತ್ತಿದ್ದೇನೆ. ತಾವು ನೋಡಿದ ಭಾಗದವರೆಗಿನ ಸಂಗತಿಗಳನ್ನು ಮಾತ್ರ ಬಿಡಿಸಿ ಬರೆಯುತ್ತೇನೆ.

ಮಾಕಿನೋ ಹುಟ್ಟಿದ್ದು 1862ರಲ್ಲಿ, ಷಿಕೋಕು ದ್ವೀಪದ ಕೋಚಿ ಪ್ರಾಂತದ ಸಾಕಾವಾ ಎಂಬ ಊರಿನಲ್ಲಿ. ಸಾಕೆಯ ಮನೆತನ, ಚಿಕ್ಕಂದಿನಲ್ಲೇ ತಂದೆತಾಯಿಗಳ ಮರಣ, ಅಜ್ಜಿಯ ಆಸರೆ, ಶಾಲೆ ಬಿಟ್ಟದ್ದು ಇವೆಲ್ಲವೂ ನಿಜ. 1884ರಲ್ಲಿ ಟೋಕಿಯೊಗೆ ಹೋಗಿ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ವಿಭಾಗಕ್ಕೆ ಪ್ರವೇಶ ಪಡೆದದ್ದೂ ನಿಜ. ತನ್ನ ಚಿತ್ರಗಳು ಮಾಸಿಹೋಗದೆ ಅಚ್ಚಾಗಬೇಕೆಂದು ಮುದ್ರಣಾಲಯಕ್ಕೆ ಹೋಗಿ ಕಲ್ಲಚ್ಚಿನ ಕೆಲಸವನ್ನು ಸ್ವತಃ ಕಲಿತದ್ದು ಕೇಳುವುದಕ್ಕೆ ಕಥೆಗಾರರ ಕಲ್ಪನೆಯಂತೆ ತೋರುತ್ತದೆ, ಆದರೆ ಅದೂ ನಡೆದದ್ದೇ. ಮುಜಿನಾಮೊ ಸಿಕ್ಕದ್ದು 1890ರಲ್ಲಿ, ಟೋಕಿಯೊದ ಪೂರ್ವದ ಅಂಚಿನ ಕೊಯಿವಾದಲ್ಲಿ. ಬಿರಿದ ಹೂವನ್ನು ಕಾಣುವುದೇ ಅಪರೂಪವಾದ ಆ ಸಸ್ಯವನ್ನು ಹೂವಿನೊಡನೆ ಅವರು ಬರೆದ ಚಿತ್ರ ವಿದೇಶದ ವಿದ್ವಾಂಸರ ಗಮನವನ್ನೂ ಸೆಳೆಯಿತು.

ಪ್ರೊಫೆಸರ್ ತಾನಾಬೆಯ ಹಿಂದಿರುವ ನಿಜವಾದ ವ್ಯಕ್ತಿ ಯಾತಾಬೆ ರಿಯೋಕಿಚಿ, ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಓದಿ ಬಂದವರು. ಇಲ್ಲಿ ಧಾರಾವಾಹಿ ಇತಿಹಾಸವನ್ನು ಬದಲಿಸಿದೆ. ತೆರೆಯ ಮೇಲೆ ಮುನಿಸಿಗೆ ಕಾರಣ ಮುಜಿನಾಮೊ ಪ್ರಬಂಧದಲ್ಲಿ ಪ್ರೊಫೆಸರರ ಹೆಸರು ಇಲ್ಲದೆ ಹೋದದ್ದು. ಮಾಕಿನೋ ಸ್ವತಃ ಬರೆದಿಟ್ಟಿರುವ ಪ್ರಕಾರ, ಅವರು ಹೊರತರುತ್ತಿದ್ದಂತಹದೇ ಸಚಿತ್ರ ಸಸ್ಯಗ್ರಂಥವನ್ನು ತಾನೂ ಪ್ರಕಟಿಸಲಿದ್ದೇನೆ, ಆದ್ದರಿಂದ ಇನ್ನು ಮುಂದೆ ಇಲ್ಲಿಯ ಪುಸ್ತಕಗಳನ್ನಾಗಲಿ ಮಾದರಿಗಳನ್ನಾಗಲಿ ನೋಡಗೊಡುವುದಿಲ್ಲ ಎಂದು ಯಾತಾಬೆ ತಿಳಿಸಿದರು. ಕಥೆಗಾರರ ಬದಲಾವಣೆಯಿಂದ ಪ್ರಸಂಗ ಬಿಗಿಯಾಗಿದೆ, ನಿಜ. ಆದರೆ ಒಂದೇ ಕೆಲಸಕ್ಕೆ ಇಬ್ಬರು ಕೈಹಾಕಿದಾಗ ಪದವಿಯಿದ್ದವನು ಪದವಿಯಿಲ್ಲದವನಿಗೆ ಬಾಗಿಲು ಮುಚ್ಚಿದ ಮೂಲ ಸಂಗತಿಯೇ ನನಗೆ ಹೆಚ್ಚು ತೂಕದ್ದಾಗಿ ಕಾಣುತ್ತದೆ.

ನನ್ನ ಆಕ್ಷೇಪ ಇರುವುದು ಸಂಸಾರದ ಚಿತ್ರಣದ ಬಗ್ಗೆ. ಮಾಕಿನೋ ಅವರಿಗೆ ಊರಿನಲ್ಲಿ ಅಜ್ಜಿಯ ಇಚ್ಛೆಯಂತೆ ಸೋದರಸಂಬಂಧಿಯೊಡನೆ ಮೊದಲೇ ಮದುವೆಯಾಗಿತ್ತು. ಧಾರಾವಾಹಿಯಲ್ಲಿ ಆ ಮದುವೆಯೇ ಇಲ್ಲ. ಟೋಕಿಯೊದಲ್ಲಿ ಸಂಸಾರ ಹೂಡಿದ ಮಡದಿ ಸುಎ ಅವರು ಹೆತ್ತ ಮಕ್ಕಳು ಹದಿಮೂರು. ತೆರೆಯ ಮೇಲೆ ಅಷ್ಟು ಮಕ್ಕಳನ್ನು ಕಾಣುವುದಿಲ್ಲ. ಪುಸ್ತಕಗಳಿಗಾಗಿ ಮನೆತನದ ಹಣವೆಲ್ಲ ಕರಗಿ, ಸಾಲಗಾರರು ಬಾಗಿಲಿಗೆ ಬರುತ್ತಿದ್ದ ಮನೆಯನ್ನು ಆ ತಾಯಿ ಹೇಗೆ ನಡೆಸಿದರು ಎಂಬುದರ ಕಠೋರತೆಯನ್ನು ಧಾರಾವಾಹಿ ಮೃದು ಮಾಡಿದೆ. ನಾಯಕನ ಮೇಲೆ ಅದಕ್ಕಿರುವ ಅಕ್ಕರೆ ನನಗೆ ಅರ್ಥವಾಗುತ್ತದೆ, ಆದರೆ ಆ ಅಕ್ಕರೆಯ ಬೆಲೆಯನ್ನು ಸುಎ ಅವರ ಪಾತ್ರ ತೆತ್ತಿದೆ.

ಕಥೆಗೆ ಸಂಬಂಧವಿಲ್ಲದ, ಆದರೆ ತಮಗೆ ಖಂಡಿತ ಹಿಡಿಸುವ ಒಂದು ಸಂಗತಿಯಿದೆ. 94ನೆಯ ವಯಸ್ಸಿನಲ್ಲಿ 1957ರಲ್ಲಿ ತೀರಿಕೊಂಡಾಗ ಮಾಕಿನೋ ಬಿಟ್ಟುಹೋದದ್ದು ಸುಮಾರು ನಾಲ್ಕು ಲಕ್ಷ ಸಸ್ಯಮಾದರಿಗಳು. ಅವುಗಳಲ್ಲಿ ಹೆಚ್ಚಿನವು ವಿಂಗಡಣೆಯಾಗದೆ ಹಳೆಯ ಪತ್ರಿಕೆಗಳ ನಡುವೆಯೇ ಉಳಿದಿದ್ದವು. ಟೋಕಿಯೊ ಮೆಟ್ರೊಪಾಲಿಟನ್ ವಿಶ್ವವಿದ್ಯಾಲಯದ ಮಾಕಿನೋ ಹರ್ಬೇರಿಯಂ (ಒಣಗಿಸಿದ ಸಸ್ಯಗಳ ಸಂಗ್ರಹಾಲಯ) ಅವನ್ನು ಜೋಡಿಸುವುದಕ್ಕೆ ದಶಕಗಳೇ ಬೇಕಾದವು. ಗಿಡಗಳನ್ನು ಸುತ್ತಿದ್ದ ಪತ್ರಿಕೆಗಳೇ ಅಪರೂಪದವೆಂದು ತಿಳಿದು ಅವನ್ನೂ ಕಾಪಾಡಿದ್ದಾರೆ. ಆಷಾಢದ ಮಳೆಯಲ್ಲಿ ಪತ್ರಿಕೆಗಳನ್ನು ದಿನವೂ ಬದಲಿಸಿ, ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟರೂ ಬೂಷ್ಟು ಹಿಡಿಯುವ ಗಿಡಗಳ ಜೊತೆ ಏಗಿದ ನನಗೆ ಆ ಸಂಖ್ಯೆಯ ಹಿಂದಿನ ದುಡಿಮೆಯನ್ನು ನೆನೆದರೆ ಮೈ ಝುಮ್ಮೆನ್ನುತ್ತದೆ. ಮುಂದಿನ ಬಾರಿ ಜಪಾನಿಗೆ ಹೋದಾಗ ಕೋಚಿಯಲ್ಲಿ 1958ರಿಂದ ಇರುವ ಮಾಕಿನೋ ಸಸ್ಯೋದ್ಯಾನಕ್ಕೆ ಹೋಗಿಬನ್ನಿ. ಮತ್ತು ಧಾರಾವಾಹಿಯನ್ನು ಮುಂದುವರಿಸುವ ಮೊದಲು ಮಾಕಿನೋ ಅವರ ಜೀವನವನ್ನು ಒಮ್ಮೆ ಓದಿಕೊಳ್ಳಿ ಎಂದು ನನ್ನ ಸಲಹೆ.

ಉತ್ತರ: ತುಂಗೆಯ ಮಗ್ಗುಲು (ಶಿವಮೊಗ್ಗ)

ಕಾನಂಚು ಅವರ ಕೊನೆಯ ಸಲಹೆಯನ್ನು ನಾನು ಒಪ್ಪುವುದಿಲ್ಲ. ಮೇಡಂ ಕೊನೆಯನ್ನು ಹೇಳಬೇಡಿ ಎಂದು ಕೇಳಿದ್ದಾರೆ. ಜೀವನಚರಿತ್ರೆಯನ್ನು ಓದಿದರೆ ಕೊನೆ ಗೊತ್ತಾಗಿಯೇ ಹೋಗುತ್ತದೆ. ಈ ಧಾರಾವಾಹಿಯ ಕೊನೆಯ ವಾರಗಳು ನಿಂತಿರುವುದೇ ಮುಂಚಿತವಾಗಿ ತಿಳಿದಿರಬಾರದ ಒಂದು ಸಂಗತಿಯ ಮೇಲೆ. ಮೊದಲು ನೋಡಿ, ಆಮೇಲೆ ಓದಿ ಎಂದೇ ನಾನು ಕೈಮುಗಿದು ಕೇಳಿಕೊಳ್ಳುತ್ತೇನೆ.

ಭಾಷೆಯ ಬಗ್ಗೆ ನನ್ನ ಅನುಭವವನ್ನು ಹೇಳುತ್ತೇನೆ. ಮನೆಗೆಲಸದ ಬಿಡುವಿನಲ್ಲಿ ಜಪಾನಿ ಕಲಿಯುತ್ತಿರುವ ಗೃಹಿಣಿ ನಾನು. ವಾಕ್ಯದ ಕಟ್ಟು ನಮಗೆ ಪರಕೀಯವಲ್ಲ: ಕ್ರಿಯಾಪದ ಕೊನೆಗೆ ಬರುತ್ತದೆ, ವಿಭಕ್ತಿಯ ಕೆಲಸ ಮಾಡುವ ಪ್ರತ್ಯಯಗಳು ನಾಮಪದದ ಹಿಂದೆ ಅಂಟಿಕೊಳ್ಳುತ್ತವೆ. ಆದ್ದರಿಂದ ಕನ್ನಡದಲ್ಲಿ ಯೋಚಿಸುವವರಿಗೆ ಕೇಳಿ ಗ್ರಹಿಸುವುದು ಇಂಗ್ಲಿಷಿನ ಮೂಲಕ ಕಲಿಯುವವರಿಗಿಂತ ಹಗುರ. ಕಷ್ಟವಿರುವುದು ಲಿಪಿಯಲ್ಲಿ, ಮುಖ್ಯವಾಗಿ ಕಾಂಜಿ ಎಂಬ ಚೀನೀ ಮೂಲದ ಅಕ್ಷರಗಳಲ್ಲಿ. ಕೇಳುವುದೇ ಗುರಿಯಾದರೆ ಅದನ್ನು ಸದ್ಯಕ್ಕೆ ಬದಿಗಿಡಬಹುದು. ಪರೀಕ್ಷೆ ಬರೆಯುವ ಆಸೆ ಇದ್ದರೆ ಜೆಎಲ್‌ಪಿಟಿ ಎಂಬ ಜಪಾನಿ ಭಾಷಾ ಪ್ರಾವೀಣ್ಯದ ಪರೀಕ್ಷೆ ಬೆಂಗಳೂರಿನಲ್ಲಿ ನಡೆಯುತ್ತದೆ, ಎನ್5 ಮೊದಲ ಮೆಟ್ಟಿಲು. ಆದರೆ ಈ ಧಾರಾವಾಹಿಗೆ ಪರೀಕ್ಷೆಯ ಭಾಷೆ ಅರ್ಧ ಮಾತ್ರ ನೆರವಾಗುತ್ತದೆ, ಏಕೆಂದರೆ ಮಾನ್‌ತಾರೋ ಮತ್ತು ಅವನ ಊರಿನವರು ಆಡುವುದು ಕೋಚಿಯ ಕಡೆಯ ತೋಸಾ ಆಡುಮಾತು. ಪುಸ್ತಕದ ಕನ್ನಡ ಕಲಿತು ಬಂದವರು ಹವ್ಯಕರ ಮನೆಯ ಜಗಲಿಯಲ್ಲಿ ಕುಳಿತರೆ ಹೇಗೋ ಹಾಗೆ ಆರಂಭದಲ್ಲಿ ಕಿವಿಗೆ ಏನೂ ಹತ್ತುವುದಿಲ್ಲ. ಟೋಕಿಯೊದ ಪಾತ್ರಗಳ ಮಾತಿನಿಂದ ಆರಂಭಿಸಿ.

ನನ್ನ ಕ್ರಮ ಹೀಗಿದೆ: ಒಂದು ಕಂತಿನ ಸಾರಾಂಶವನ್ನು ಮೊದಲು ಓದಿ, ಆಮೇಲೆ ಆ ಕಂತನ್ನು ನಿಲ್ಲಿಸದೆ ನೋಡಿ, ಮತ್ತೊಮ್ಮೆ ಬೇಕಾದಲ್ಲಿ ನಿಲ್ಲಿಸಿ ನೋಡುತ್ತೇನೆ. ಮಳೆಗಾಲದಲ್ಲಿ ಕರೆಂಟು, ನೆಟ್ಟು ಎರಡೂ ಹೋಗುವ ನಮ್ಮ ಕಡೆ ಹದಿನೈದು ನಿಮಿಷದ ಕಂತು ಎಷ್ಟು ಅನುಕೂಲವೆಂಬುದು ತಮಗೇ ಗೊತ್ತು. ಮೇಲಾಗಿ ತಮಗೆ ಈ ಭಾಷೆಯ ಒಂದು ದೊಡ್ಡ ಭಾಗ ಈಗಾಗಲೇ ಬರುತ್ತದೆ. ವಿಭಾಗದ ದೃಶ್ಯಗಳಲ್ಲಿ ಸಸ್ಯಗಳ ಲ್ಯಾಟಿನ್ ಹೆಸರುಗಳು ಬಂದಾಗ ನಾನು ತಬ್ಬಿಬ್ಬಾಗುತ್ತೇನೆ, ತಾವು ಆಗಲಾರಿರಿ.

ಮರುಪ್ರತಿಕ್ರಿಯೆ: ಹಸಿರುಗೆರೆ (ತೀರ್ಥಹಳ್ಳಿ)

ಮೂವರಿಗೂ ಹೃದಯಪೂರ್ವಕ ಧನ್ಯವಾದಗಳು. ಪೆಟ್ಟಿಗೆಗಳನ್ನೂ ಮಾರ್ಗದರ್ಶಿ ಪುಸ್ತಕಗಳನ್ನೂ ತರಿಸುವಂತೆ ಮಗಳಿಗೆ ಬರೆದಿದ್ದೇನೆ. ಪ್ಲೇಯರಿನ ವಿಚಾರವನ್ನು ಶಿವಮೊಗ್ಗದ ಅಂಗಡಿಗಳಲ್ಲಿ ಕೇಳಿ ನೋಡುತ್ತೇನೆ. ಓದುವ ಮೊದಲು ನೋಡುವುದೆಂದೇ ನಿಶ್ಚಯಿಸಿದ್ದೇನೆ. ಆದರೆ ಕಾನಂಚು ಅವರು ಯಾತಾಬೆಯವರ ಬಗ್ಗೆ ಬರೆದದ್ದನ್ನು ಓದಿದ ಮೇಲೆ ಒಂದು ಮಾತು ಹೇಳಬೇಕೆನಿಸುತ್ತದೆ. ವಿದ್ಯಾರ್ಥಿಯ ಪ್ರಬಂಧದಲ್ಲಿ ಮಾರ್ಗದರ್ಶಕನ ಹೆಸರು ಬರಬೇಕೆ ಎಂಬ ಪ್ರಶ್ನೆ ಇಂದಿಗೂ ನಮ್ಮ ಕಾಲೇಜುಗಳಲ್ಲಿ ಜೀವಂತವಾಗಿದೆ, ಮತ್ತು ಆ ಕಂತನ್ನು ನೋಡುವಾಗ ನನಗೆ ತಾನಾಬೆಯವರ ಮೇಲೂ ಪೂರ್ತಿ ಕೋಪ ಬರಲಿಲ್ಲ. ಸಸ್ಯವನ್ನು ಗುರುತಿಸುವುದರಲ್ಲಿ ಅವರ ಕಲಿಕೆಯ ಪಾಲೂ ಇತ್ತು. ಬರಹಗಾರರು ಕಾರಣವನ್ನು ಬದಲಿಸಿ ಇಬ್ಬರಿಗೂ ನ್ಯಾಯ ಒದಗಿಸಲು ಯತ್ನಿಸಿದರೇನೋ. ಮಡದಿಯ ಪಾತ್ರದ ಬಗೆಗಿನ ಆಕ್ಷೇಪದ ಕುರಿತು ಪೂರ್ತಿ ನೋಡಿದ ಮೇಲೆ ಇದೇ ಕೊಂಡಿಯಲ್ಲಿ ಬರೆಯುತ್ತೇನೆ. ಶಿವಮೊಗ್ಗದ ತಂಗಿಯಲ್ಲಿ ಒಂದು ವಿನಂತಿ: ತೋಸಾ ಆಡುಮಾತಿನ ಪದಗಳ ಪಟ್ಟಿಯೇನಾದರೂ ಬರೆದಿಟ್ಟುಕೊಂಡಿದ್ದರೆ ಇಲ್ಲಿ ಹಾಕಿ, ಅದರ ಬದಲಿಗೆ ಧಾರಾವಾಹಿಯಲ್ಲಿ ಬರುವ ಲ್ಯಾಟಿನ್ ಹೆಸರುಗಳಿಗೆ ಸಸ್ಯಕುಟುಂಬ ಮತ್ತು ನಮ್ಮ ಕಾಡಿನಲ್ಲಿರುವ ಅದರ ಹತ್ತಿರದ ನಂಟಸ್ತಿಕೆಯ ಗಿಡ, ಎರಡನ್ನೂ ನಾನು ಬರೆದುಕೊಡುತ್ತೇನೆ.