ಮಾತ್ರೆ ಇದೆ, ಊಟಕ್ಕೆ ದಾರಿಯಿಲ್ಲ: ಓದುಗರ ಸ್ಪಂದನ

ಕಳೆದ ಸಂಚಿಕೆಯಲ್ಲಿ ‘ನೊಂದ ತಾಯಿ’ ಬರೆದ ಪತ್ರ ನಿಮಗೆ ನೆನಪಿರಬಹುದು. ಎಚ್‌ಐವಿಗೆ ಎಆರ್‌ಟಿ (ವೈರಸ್ಸನ್ನು ಹತ್ತಿಕ್ಕುವ ಚಿಕಿತ್ಸೆ) ಮಾತ್ರೆ ತೆಗೆದುಕೊಳ್ಳುತ್ತಿರುವ ಅವರಿಗೆ ಇಬ್ಬರು ಮಕ್ಕಳು. ಅವರು ಕೇಳಿದ್ದು ಎರಡೇ ಮಾತು: ಊಟವಿಲ್ಲದ ದಿನ ಮಾತ್ರೆ ನುಂಗಲೋ ಬೇಡವೋ? ಚಿಕಿತ್ಸಾ ಕೇಂದ್ರದಲ್ಲಿ ನನಗೆಂದು ಕೊಡುವ ಪೌಷ್ಟಿಕ ಹಿಟ್ಟನ್ನು ಮಕ್ಕಳಿಗೂ ಬೇಯಿಸಿ ಹಾಕಿದರೆ ತಪ್ಪೇ? ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ. ಬರೆದವರ ಹೆಸರು, ಊರು ಪ್ರಕಟಿಸುತ್ತಿಲ್ಲ.

*

ಅಮ್ಮಾ, ಮಾತ್ರೆ ಬಿಡುವ ಯೋಚನೆ ಇದ್ದರೆ ಈಗಲೇ ತಲೆಯಿಂದ ತೆಗೆದುಹಾಕಿ. ನೀವು ಹಾಸಿಗೆ ಹಿಡಿದರೆ ಆ ಮಕ್ಕಳಿಗೆ ಯಾರು ದಿಕ್ಕು? ಇಂಥದ್ದನ್ನು ಪತ್ರಿಕೆಗೆ ಬರೆದು ಉತ್ತರಕ್ಕೆ ಕಾಯುತ್ತಾ ಕೂರುವುದಲ್ಲ, ಅಂದೇ ಹೋಗಿ ಡಾಕ್ಟರನ್ನು ಕೇಳಬೇಕು.

— ಒಬ್ಬ ಓದುಗ

*

ಸಲಹೆ ಸರಿಯಾದದ್ದೇ. ಆದರೆ ಡಾಕ್ಟರ ಮುಂದೆ ‘ಮನೆಯಲ್ಲಿ ಊಟಕ್ಕಿಲ್ಲ’ ಎಂದು ಬಾಯಿಬಿಡುವುದು ಎಲ್ಲರಿಗೂ ಆಗುವುದಿಲ್ಲ. ಮುಂದಿನ ಪತ್ರ ಉದ್ದವಾಗಿದೆ, ಕತ್ತರಿಸಲು ಮನಸ್ಸು ಬರಲಿಲ್ಲ.

*

ತಂಗೀ, ನಿನಗೆ ಉತ್ತರ ಬರೆಯಲು ಕೂತವಳು ನನ್ನಣ್ಣನ ವಿಷಯವನ್ನೇ ಬರೆಯುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡ.

ಅವನಿಗೆ ಎಚ್‌ಐವಿ ಇದೆ ಅಂತ ಗೊತ್ತಾಗುವ ಹೊತ್ತಿಗೆ ಮೈಯಲ್ಲಿ ಮೂಳೆ ಬಿಟ್ಟರೆ ಏನೂ ಉಳಿದಿರಲಿಲ್ಲ. ಬಾಯೊಳಗೆಲ್ಲ ಬಿಳಿ ಬಿಳಿ ಹುಣ್ಣು, ಏನು ಬಾಯಿಗಿಟ್ಟರೂ ಉರಿ. ಮಾತ್ರೆ ಶುರುವಾಗಿ ಹುಣ್ಣು ಮಾಯ್ದವು. ಆಮೇಲೆ ಬಂತು ನೋಡು ಹಸಿವು, ನಡುರಾತ್ರಿ ಎದ್ದು ಪಾತ್ರೆ ತಡಕುವಂಥ ಹಸಿವು. ಮೈ ಚೇತರಿಸಿಕೊಳ್ಳುವಾಗ ಹಾಗಾಗುತ್ತದೆ ಅಂತ ನಮಗೆ ಹೇಳಿದವರಿಲ್ಲ. ಅವನಿಗಂತೂ ಅದು ನಾಚಿಕೆಯ ಸಂಗತಿಯಾಗಿಬಿಟ್ಟಿತ್ತು. ಕೆಲಸಕ್ಕೆ ಹೋಗಲಾರದವನು ದುಡಿಯುವವರಿಗಿಂತ ಹೆಚ್ಚು ಉಣ್ಣುವುದು ಹೇಗೆ ಅಂತ. ಮೊಟ್ಟೆ ಬೇಯಿಸಿದ ದಿನ ಅದನ್ನು ತಟ್ಟೆಯ ಅಂಚಿಗೆ ಸರಿಸಿ, ಚಿಕ್ಕ ಮಗಳು ಬಂದು ಪಕ್ಕದಲ್ಲಿ ಕೂರುವವರೆಗೆ ಮುಟ್ಟುತ್ತಿರಲಿಲ್ಲ. ಅವಳು ತಿಂದಾದ ಮೇಲೆ ‘ನಂಗೆ ಸಾಕಾಯ್ತು’ ಅಂತ ಎದ್ದು ಕೈ ತೊಳೆಯುತ್ತಿದ್ದ.

‘ಊಟವಾದ ಮೇಲೆ ಮಾತ್ರೆ’ ಅಂತ ಯಾರೋ ಅವನಿಗೆ ಹೇಳಿದ್ದರು. ಊಟವಿಲ್ಲದ ರಾತ್ರಿ ಮಾತ್ರೆಯೂ ಇಲ್ಲ ಅಂತ ಅವನು ಅರ್ಥ ಮಾಡಿಕೊಂಡ. ಡಬ್ಬಿಯಲ್ಲಿ ಮಾತ್ರೆ ಉಳಿಯತೊಡಗಿತು. ಕೇಂದ್ರದಲ್ಲಿ ಉಳಿದದ್ದನ್ನು ಎಣಿಸಿ ಬೈದು ಕಳಿಸಿದರು. ಯಾಕೆ ಉಳಿಯಿತು ಅಂತ ಕೇಳಲಿಲ್ಲ. ಕೇಳಿದ್ದರೂ, ಬೆನ್ನ ಹಿಂದೆ ಅಷ್ಟು ಜನ ಸಾಲು ನಿಂತಿರುವಾಗ ‘ನಿನ್ನೆ ಒಲೆ ಹಚ್ಚಿರಲಿಲ್ಲ’ ಅಂತ ಅವನು ಹೇಳುವವನಲ್ಲ. ಕೊನೆಗೆ ವೈರಸ್ಸು ಆ ಮಾತ್ರೆಗೆ ಬಗ್ಗದ ಹಾಗಾಯಿತು. ಅದರ ಮೇಲೆ ಟಿಬಿ. ಮುಂದಿನದನ್ನು ಬರೆಯಲಾರೆ.

ಅವನ ಹೆಸರಿಗೂ ಹಿಟ್ಟಿನ ಪೊಟ್ಟಣ ಬರುತ್ತಿತ್ತು, ಒಬ್ಬನ ಅಳತೆಯದು. ಮನೆಯಲ್ಲಿ ಉಣ್ಣುವವರು ಐದು ಜನ. ಮಕ್ಕಳು ಎದುರಿಗೆ ಕೂತಿರುವಾಗ ಅಪ್ಪನಾದವನಿಗೆ ಒಬ್ಬನೇ ಉಂಡರೆ ಗಂಟಲಲ್ಲಿ ಇಳಿದೀತೇ? ಪೊಟ್ಟಣ ವಾರದೊಳಗೆ ಖಾಲಿ. ತೂಕ ಏರದ್ದನ್ನು ನೋಡಿ ಕೇಂದ್ರದವರು ‘ಹಿಟ್ಟು ಮಾರಿಕೊಂಡೆಯೇನು?’ ಅಂದರು. ಇವತ್ತಿಗೂ ನನ್ನನ್ನು ಸುಡುವುದು ಆ ಮಾತು. ಅವನು ಹೋದದ್ದನ್ನಾದರೂ ಒಮ್ಮೊಮ್ಮೆ ಮರೆಯುತ್ತೇನೆ, ಅದನ್ನು ಮರೆಯಲಾಗುತ್ತಿಲ್ಲ.

ನೀನು ಮಕ್ಕಳಿಗೆ ಹಾಕಿದ್ದಕ್ಕೆ ತಲೆ ತಗ್ಗಿಸಬೇಡ. ನನಗೊಬ್ಬಳಿಗಲ್ಲ, ಮನೆಗೆ ಬೇಕು ಅಂತ ಕೇಳು. ಸಾಲಿನಲ್ಲಿ ನಿಂತು ಹೇಳುವುದು ಬೇಡ. ಆಪ್ತ ಸಮಾಲೋಚಕರ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಹೇಳು. ತಿಂಗಳಲ್ಲಿ ಒಲೆ ಹಚ್ಚದ ದಿನ ಎಷ್ಟು ಅನ್ನುವುದನ್ನೂ ಬಿಡದೆ ಹೇಳು.

— ಹೆಸರು ಬೇಡ

*

‘ಊಟವಾದ ಮೇಲೆ’ ಎನ್ನುವ ಸೂಚನೆಯ ಬಗ್ಗೆ ನಿವೃತ್ತ ಆಹಾರತಜ್ಞೆಯೊಬ್ಬರು ಬರೆದಿದ್ದಾರೆ. ಮಾತ್ರೆ ತೆಗೆದುಕೊಳ್ಳುವ ಎಲ್ಲರೂ ಇದನ್ನು ಓದಬೇಕು.

*

ಎಲ್ಲ ಮಾತ್ರೆಗೂ ಒಂದೇ ನಿಯಮವಿಲ್ಲ. ಈಗ ಹೆಚ್ಚಿನವರಿಗೆ ಕೊಡುತ್ತಿರುವ ಡೊಲುಟೆಗ್ರಾವಿರ್ ಇರುವ ಮಾತ್ರೆಯನ್ನು ಉಂಡೂ ನುಂಗಬಹುದು, ಉಣ್ಣದೆಯೂ ನುಂಗಬಹುದು. ಹಿಂದೆ ಹೆಚ್ಚು ಬಳಕೆಯಲ್ಲಿದ್ದ ಎಫಾವಿರೆಂಜ್ ಅನ್ನು ಮಲಗುವ ಹೊತ್ತಿಗೆ ಖಾಲಿ ಹೊಟ್ಟೆಯಲ್ಲೇ ತೆಗೆದುಕೊಳ್ಳಲು ಹೇಳುತ್ತಿದ್ದರು, ಏಕೆಂದರೆ ಜಿಡ್ಡಿನ ಊಟದ ಜೊತೆ ಅದರ ಅಡ್ಡಪರಿಣಾಮ ಹೆಚ್ಚು. ಆದರೆ ರಿಲ್ಪಿವಿರಿನ್, ಅಟಜಾನಾವಿರ್‌ನಂಥ ಕೆಲವಕ್ಕೆ ಊಟ ಬೇಕೇ ಬೇಕು, ಇಲ್ಲದಿದ್ದರೆ ಅವು ಸರಿಯಾಗಿ ಮೈಗೆ ಸೇರುವುದಿಲ್ಲ. ಹಾಗಾಗಿ ನಿಮ್ಮ ಡಬ್ಬಿ ತೋರಿಸಿ ಕೇಳಿ. ಇಂಥದ್ದೊಂದು ಇದ್ದರೆ ಊಟದ ತೊಂದರೆಯನ್ನು ಹೇಳಲೇಬೇಕು, ಬೇರೆ ಮಾತ್ರೆಗೆ ಬದಲಿಸಲು ಸಾಧ್ಯವೇ ಎಂದು ಡಾಕ್ಟರು ನೋಡುತ್ತಾರೆ. ಇನ್ನೊಂದು ವಿಷಯ: ಕಬ್ಬಿಣಾಂಶದ ಅಥವಾ ಕ್ಯಾಲ್ಸಿಯಂ ಮಾತ್ರೆಯನ್ನೂ ಕೊಟ್ಟಿದ್ದರೆ ಖಾಲಿ ಹೊಟ್ಟೆಯಲ್ಲಿ ಎರಡನ್ನೂ ಒಟ್ಟಿಗೆ ನುಂಗಬೇಡಿ. ಡೊಲುಟೆಗ್ರಾವಿರ್ ಅನ್ನು ಅದಕ್ಕಿಂತ 2 ಗಂಟೆ ಮೊದಲು ಅಥವಾ 6 ಗಂಟೆ ನಂತರ ತೆಗೆದುಕೊಳ್ಳಿ.

ಹಸಿವಿನ ವಿಷಯಕ್ಕೆ ಬಂದರೆ, ಅದು ನಿಮ್ಮ ಆಸೆಬುರುಕತನವಲ್ಲ. ವೈರಸ್ಸಿನೊಂದಿಗೆ ಹೋರಾಡುವ ದೇಹಕ್ಕೆ ಹೆಚ್ಚು ಶಕ್ತಿ ಬೇಕು. ಕರುಳಿನ ಒಳಪದರ ಹಾಳಾಗಿದ್ದರೆ ತಿಂದದ್ದೂ ಪೂರ್ತಿ ಮೈಗೆ ಹತ್ತುವುದಿಲ್ಲ. ರೋಗಲಕ್ಷಣವಿಲ್ಲದ ಸೋಂಕಿತ ವಯಸ್ಕರಿಗೆ ಶೇ 10ರಷ್ಟು, ಲಕ್ಷಣಗಳಿದ್ದಾಗ ಶೇ 20ರಿಂದ 30ರಷ್ಟು, ತೂಕ ಇಳಿಯುತ್ತಿರುವ ಸೋಂಕಿತ ಮಕ್ಕಳಿಗೆ ಶೇ 50ರಿಂದ 100ರಷ್ಟು ಹೆಚ್ಚು ಶಕ್ತಿ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2003ರಲ್ಲೇ ಹೇಳಿದೆ. ದಿನಕ್ಕೆ 2,000 ಕ್ಯಾಲೊರಿ ಸಾಕಾಗುತ್ತಿದ್ದವರಿಗೆ ಆರೋಗ್ಯವಾಗಿರುವಾಗಲೂ ಇನ್ನೂ 200 ಬೇಕು ಎಂದಾಯಿತು. ಸಾಲ ಮಾಡಿ ಪ್ರೊಟೀನ್ ಪುಡಿಯ ಡಬ್ಬಿ ತರಬೇಡಿ. ಅದೇ ದುಡ್ಡಿಗೆ ಧಾನ್ಯ, ಬೇಳೆಕಾಳು, ಎಣ್ಣೆ ತಂದರೆ ಮನೆಯವರೆಲ್ಲ ಉಣ್ಣುತ್ತೀರಿ.

— ನಿವೃತ್ತ ಆಹಾರತಜ್ಞೆ

*

ಬೆಳ್ಳುಳ್ಳಿ, ಬೇರು, ಕಷಾಯಗಳಿಂದ ಎಚ್‌ಐವಿ ಗುಣವಾಗುತ್ತದೆ ಎಂಬ ಪತ್ರಗಳನ್ನು ಪ್ರಕಟಿಸುತ್ತಿಲ್ಲ. ದಕ್ಷಿಣ ಆಫ್ರಿಕಾದಲ್ಲಿ ಹಿಂದೆ ಆರೋಗ್ಯ ಸಚಿವೆಯೇ ಬೆಳ್ಳುಳ್ಳಿ, ಬೀಟ್‌ರೂಟ್, ನಿಂಬೆಯ ಗುಣಗಾನ ಮಾಡುತ್ತಿದ್ದ ಕಾಲದಲ್ಲಿ ಎಆರ್‌ಟಿ ಜನರಿಗೆ ತಲುಪುವುದು ತಡವಾಯಿತು. ಆ ವಿಳಂಬಕ್ಕೆ 3,30,000ಕ್ಕೂ ಹೆಚ್ಚು ಜೀವಗಳು ಹೋದವೆಂದು ಹಾರ್ವರ್ಡ್ ಸಂಶೋಧಕರು 2008ರಲ್ಲಿ ಅಂದಾಜು ಮಾಡಿದರು. ನೊಂದ ತಾಯಿ ಕೇಳಿದ್ದು ಮಾತ್ರೆಯ ಬದಲು ಏನು ತಿನ್ನಲಿ ಎಂದಲ್ಲ.

ಕೇಳದ ಪ್ರಶ್ನೆಗೆ ಉತ್ತರ ಬರೆದವರೂ ಇದ್ದಾರೆ. ಅವುಗಳಲ್ಲಿ ಇದೊಂದನ್ನು ಬಿಡಲಾಗಲಿಲ್ಲ.

*

ಸೋದರಿ, ‘ಅತ್ತೆ ನನ್ನ ತಟ್ಟೆ, ಲೋಟ ಬೇರೆ ಇಟ್ಟಿದ್ದಾರೆ’ ಎಂದು ನಡುವೆ ಒಂದು ಸಾಲು ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ನನಗೆ ಅಲ್ಲಿಂದ ಮುಂದೆ ಓದಲಾಗಲಿಲ್ಲ. ನನ್ನ ಹೆಂಡತಿಗೆ ಎಚ್‌ಐವಿ ಇದೆ, ನನಗಿಲ್ಲ. ಒಂದೇ ತಟ್ಟೆಯಲ್ಲಿ ಉಂಡರೆ, ಒಂದೇ ಲೋಟದಲ್ಲಿ ಕುಡಿದರೆ ಇದು ಅಂಟುವುದಿಲ್ಲ. ಮಾತ್ರೆ ತಪ್ಪದೆ ನುಂಗಿ ವೈರಲ್ ಲೋಡ್ (ರಕ್ತದಲ್ಲಿರುವ ವೈರಸ್ಸಿನ ಪ್ರಮಾಣ) ಪರೀಕ್ಷೆಗೆ ಸಿಗದಷ್ಟು ಇಳಿದು ಹಾಗೇ ಉಳಿದರೆ ಗಂಡ ಹೆಂಡತಿಯ ನಡುವೆಯೂ ಹರಡುವುದಿಲ್ಲ. ನಮ್ಮಮ್ಮನಿಗೆ ಇದನ್ನು ನಾನು ಹೇಳಿ ಸಾಕಾಯಿತು. ಕೊನೆಗೆ ಸಮಾಲೋಚಕಿ ಮನೆಗೆ ಬಂದು, ನನ್ನ ಹೆಂಡತಿ ಕುಡಿದಿಟ್ಟ ಲೋಟದಲ್ಲೇ ನೀರು ಕುಡಿದು ತೋರಿಸಿದರು. ತಟ್ಟೆ ಬೇರೆಯಾದರೆ ಬಡಿಸುವುದೂ ಕೊನೆಗೆ, ಸಿಗುವುದೂ ತಳದಲ್ಲಿ ಉಳಿದದ್ದು. ನಿಮ್ಮತ್ತೆಯನ್ನು ಒಮ್ಮೆ ಕೇಂದ್ರಕ್ಕೆ ಕರೆದುಕೊಂಡು ಹೋಗಿ.

— ಒಬ್ಬ ಗಂಡ

*

ಹಿಟ್ಟು ಕೊಡುವುದು ರೋಗಿಗೆ. ಅದು ಔಷಧಿ ಇದ್ದ ಹಾಗೆ. ಔಷಧಿಯನ್ನು ಮನೆಮಂದಿಗೆಲ್ಲ ಹಂಚುತ್ತಾರೆಯೇ?

— ನಿಯಮ ಪಾಲಿಸುವವನು

*

ಈ ಮಾತಿಗೆ ನಾವು ಉತ್ತರ ಹೇಳುವುದಕ್ಕಿಂತ, ಹಿಟ್ಟು ಹಂಚುವ ಕೆಲಸವನ್ನೇ ಮಾಡುವವರು ಬರೆದದ್ದನ್ನು ಕೊಡುತ್ತೇವೆ.

*

ನಾವು ತೂಕ, ಎತ್ತರ ನೋಡಿ ಬಿಎಂಐ (ಎತ್ತರಕ್ಕೆ ತಕ್ಕ ತೂಕವಿದೆಯೇ ಎಂಬುದರ ಅಳತೆ) ಲೆಕ್ಕ ಹಾಕುತ್ತೇವೆ. 18.5ಕ್ಕಿಂತ ಕಡಿಮೆ ಬಂದವರ ಹೆಸರು ಬರೆದುಕೊಂಡು ಹಿಟ್ಟು ಕೊಡುತ್ತೇವೆ. ತೀರಾ ಸೊರಗಿದವರಿಗೆ ಕಡಲೆಕಾಯಿ ಪೇಸ್ಟಿನಿಂದ ಮಾಡಿದ ಸಿದ್ಧ ಆಹಾರ. ತೂಕ ಏರಿದ ಮೇಲೆ ಪಟ್ಟಿಯಿಂದ ಹೆಸರು ತೆಗೆಯುತ್ತೇವೆ. ಅಷ್ಟರಲ್ಲಿ ಮನೆಯ ಕಷ್ಟ ತೀರಿರುವುದಿಲ್ಲ, ಕೆಲವರು ಮತ್ತೆ ತೂಕ ಇಳಿಸಿಕೊಂಡು ಬರುತ್ತಾರೆ. ಒಬ್ಬರ ಅಳತೆಯ ಹಿಟ್ಟು ಒಬ್ಬರ ಹೊಟ್ಟೆಗೇ ಹೋಗುತ್ತದೆ ಎಂದು ನಂಬಿ ಈ ಕೆಲಸ ಮಾಡುವುದು ನನಗೆ ಸಾಧ್ಯವಾಗಿಲ್ಲ.

ಅಕ್ಕಾ, ಹಂಚಿ ಉಣ್ಣುತ್ತಿದ್ದರೆ ಹಾಗೆಂದು ಹೇಳಿಬಿಡಿ. ಹೇಳದಿದ್ದರೆ ದಾಖಲೆಯಲ್ಲಿ ‘ಆಹಾರ ಪಡೆದಿದ್ದಾರೆ, ತೂಕ ಏರಿಲ್ಲ’ ಎಂದು ಬೀಳುತ್ತದೆ. ಆಗ ಡಾಕ್ಟರು ಟಿಬಿ ಇದೆಯೇ, ಮಾತ್ರೆ ಕೆಲಸ ಮಾಡುತ್ತಿಲ್ಲವೇ ಎಂದು ಹುಡುಕುತ್ತಾರೆ. ಆ ಪರೀಕ್ಷೆಗಳು ಬೇಕೇ ಬೇಕು, ಆದರೆ ಅವುಗಳಿಂದ ಹೊಟ್ಟೆ ತುಂಬುವುದಿಲ್ಲ. ಮುಂದಿನ ಸಲ ಮಕ್ಕಳನ್ನೂ ಕರೆತನ್ನಿ, ಅವರ ತೂಕವನ್ನೂ ಬರೆಸಿ. ಅವರಿಗೆ ಸೋಂಕು ಇರಲಿ ಇಲ್ಲದಿರಲಿ, ಸೊರಗಿದ್ದರೆ ಅವರ ಹೆಸರಿನಲ್ಲೇ ನೆರವು ಕೇಳಲು ದಾರಿ ಸಿಗುತ್ತದೆ. ಪೊಟ್ಟಣ ಹಿಡಿದು ನಡೆದರೆ ಅಕ್ಕಪಕ್ಕದವರಿಗೆ ತಿಳಿಯುತ್ತದೆಂಬ ಭಯವಿದ್ದರೆ ಮನೆಯಿಂದ ಡಬ್ಬಿ ತನ್ನಿ. ನಮ್ಮಲ್ಲಿ ಹಲವರಿಗೆ ಹಾಗೇ ಸುರಿದು ಕೊಡುತ್ತೇವೆ.

— ಕೇಂದ್ರವೊಂದರ ಕಾರ್ಯಕರ್ತೆ

*

ಪ್ರಕಟಿಸದೆ ಉಳಿದ ಪತ್ರಗಳನ್ನೂ ನೊಂದ ತಾಯಿಯವರಿಗೆ ಕಳುಹಿಸಿದ್ದೇವೆ. ಮನೆಮಂದಿಗೆಲ್ಲ ಆಗುವಷ್ಟು ಆಹಾರ ಕೊಡುವ ಕೇಂದ್ರಗಳಲ್ಲಿ ಕೆಲಸ ಮಾಡುವವರು ಈ ಅಂಕಣವನ್ನು ಓದುತ್ತಿದ್ದರೆ, ಅದನ್ನು ಹೇಗೆ ನಡೆಸುತ್ತಿದ್ದೀರಿ ಎಂದು ದಯವಿಟ್ಟು ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ಮೊದಲ ಜಾಗ ನಿಮ್ಮ ಪತ್ರಕ್ಕೆ.